ಹುಳ ಹಣ್ಣಾದ ದಿನ ಬಂದ ಸಾಹೇಬರು

ಹುಳ ಹಣ್ಣಾದ ದಿನ ನಮ್ಮ ಕಡೆ ಮನೆಗೆ ಬಂದವರು ಯಾರೇ ಆಗಲಿ, ಕೈ ಕಟ್ಟಿ ನಿಲ್ಲುವಂತಿಲ್ಲ. ರೇಷ್ಮೆಹುಳ ಸೊಪ್ಪು ಬಿಟ್ಟು ತಲೆ ಎತ್ತಿತೆಂದರೆ ಆವತ್ತೇ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಬೀಗರಿರಲಿ, ಮೇಷ್ಟ್ರಿರಲಿ, ಕೂತು ಹುಳ ಆರಿಸಲೇಬೇಕು. ಅಂಥ ದಿನವೇ ನಮ್ಮವ್ವ ದೊಡ್ಡ ಅಧಿಕಾರಿಯೊಬ್ಬರನ್ನು ಹುಳ ಆರಿಸಲು ಬಂದ ಮುಯ್ಯಾಳು ಅಂದುಕೊಂಡು ಕೂರಿಸಿಬಿಟ್ಟಳು. ಈಗ ನೆನೆದರೂ ಮೈ ಜುಮ್ಮೆನ್ನುತ್ತದೆ!

ಅಪ್ಪನ ಕ್ಯಾನ್ಸರ್ ಸೊಂಟದ ಮೂಳೆಗೆ ಇಳಿದಿತ್ತು. ವಾಸಿಯಾಗುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ನೋವು ಅಡಗಿಸುವ ಮಾರ್ಫಿನ್ ಮಾತ್ರೆ ನಮಗೆ ಸಿಗುತ್ತಿದ್ದುದು ಬೆಂಗಳೂರಿನಲ್ಲಿ ಮಾತ್ರ. ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟು ವೆಲ್ಡಿಂಗ್ ಕಲಿತವನು. ಬಿಡದಿಯಲ್ಲಿ ಆಗ ಸಾಲುಸಾಲಾಗಿ ಏಳುತ್ತಿದ್ದ ಫ್ಯಾಕ್ಟರಿಗಳ ಶೆಡ್ಡುಗಳಲ್ಲಿ ನನ್ನ ಬೆಸುಗೆ ಬಿಟ್ಟುಕೊಂಡಿದ್ದು ಯಾರೂ ನೋಡಿಲ್ಲ. ದುಡಿಮೆಯಲ್ಲಿ ಸೋತವನಲ್ಲ. ಆದರೆ ಶಿಫ್ಟು ಬಿಟ್ಟು ಬೆಂಗಳೂರಿಗೆ ಓಡಲಾಗದ ದಿನ ಅಪ್ಪ ಕಂಬಳಿಯ ಅಂಚು ಕಚ್ಚಿಕೊಂಡು ಮಲಗಿರುತ್ತಿದ್ದ. ಅಲ್ಲಿ ನನ್ನ ದುಡಿಮೆ ನಡೆಯಲಿಲ್ಲ.

ಇದಕ್ಕೆ ಹಟ ಹಿಡಿದು ನಿಂತವರು ನಮ್ಮ ಚನ್ನಪಟ್ಟಣದ ಆಸ್ಪತ್ರೆಯ ಲೇಡಿ ಡಾಕ್ಟರು ಮತ್ತು ಸಿಸ್ಟರು. ಮಾತ್ರೆ ಚನ್ನಪಟ್ಟಣದಲ್ಲೇ ಸಿಗಬೇಕು, ಎದ್ದು ಓಡಾಡಲಾಗದವರ ಮನೆಗೆ ಆಸ್ಪತ್ರೆಯವರೇ ಹೋಗಬೇಕು ಎಂಬುದು ಅವರ ಕೇಳಿಕೆ. "ನೋವಿಲ್ದೆ ಸಾಯೋದು ಬೆಂಗಳೂರೋರಿಗೆ ಮಾತ್ರ ಬರೆದೈತಾ?" ಎಂದು ಸಿಸ್ಟರು ಆಫೀಸಿಂದ ಆಫೀಸಿಗೆ ಅಲೆದು ಜಗಳ ಆಡಿದ್ದರು. ಅಮಲೇರಿಸುವ ಈ ಮಾತ್ರೆ ಕಳ್ಳದಾರಿ ಹಿಡಿದರೆ ಯಾರು ಹೊಣೆ ಎಂಬ ಭಯಕ್ಕೆ ಸರ್ಕಾರದ ಒಪ್ಪಿಗೆ ನಿಂತಿತ್ತು. ಕೊನೆಗೆ, ಒಮ್ಮೆ ಕಣ್ಣಾರೆ ನೋಡಿ ಎಂದು ಒಪ್ಪಿಗೆ ಕೊಡಬೇಕಾದ ಆ ಅಧಿಕಾರಿಯನ್ನು ನಮ್ಮ ಹಳ್ಳಿಗೇ ಹೊರಡಿಸಿದರು. ಅವರು ಬರುವ ದಿನವೇ ಹುಳ ಹಣ್ಣಾಗಬೇಕೆ!

ನಾನು ರಸ್ತೆಯ ತಿರುವಿನಲ್ಲಿ ಕಾಯುತ್ತಿದ್ದರೆ ಜೀಪು ಕೆರೆಯ ಕಡೆಯಿಂದ ಬಂದುಬಿಟ್ಟಿತು. ಓಡಿ ಬಂದು ಹೊಸ್ತಿಲು ದಾಟುವಷ್ಟರಲ್ಲಿ ಅಧಿಕಾರಿ ಒಬ್ಬರೇ ಒಳಗಿದ್ದರು. ಡಾಕ್ಟರು, ಸಿಸ್ಟರು ಇನ್ನೂ ಜೀಪಿನ ಹತ್ತಿರವಿದ್ದರು.

"ಅಕ್ಕೂರಿಂದ ನಮ್ಮಣ್ಣ ಕಳ್ಸಿದ್ನೇನಪ್ಪ? ಈಟೊತ್ಗಾ ಬರೋದು?" ಅವ್ವ ಅವರನ್ನು ದಬಾಯಿಸುತ್ತಿದ್ದಳು. "ಸೆಂಟ್ ಬೇರೆ ಹೊಡ್ಕಂಡ್ ಬಂದಿದ್ದೀಯ! ಹುಳ ಸತ್ತೋಯ್ತವೆ. ಕೈ ತೊಳ್ಕಂಡ್ ಕೂತ್ಕ."

"ಅವ್ವಾ, ಅವ್ರು..."

"ನೀನೂ ಕೂತ್ಕಳ್ಲಾ. ಮಾತು ಆಮ್ಯಾಕ್ ಆಡಾನ."

ಅಧಿಕಾರಿ ನನಗೆ ಸುಮ್ಮನಿರಲು ಸನ್ನೆ ಮಾಡಿದರು. ಕೈ ತೊಳೆದು ಕೂತು, ಒಂದು ಹುಳವನ್ನು ಎರಡು ಬೆರಳಲ್ಲಿ ಹೆದರಿ ಹೆದರಿ ಎತ್ತಿದರು.

"ಹೊಸಾ ಹೆಂಡ್ತಿ ಕೈ ಮುಟ್ದಂಗ್ ಮುಟ್ತೀಯಲ್ಲಪ್ಪ!" ಎಂದಳು ಪಕ್ಕದ ಮನೆಯ ಚಿಕ್ಕಮ್ಮ. "ಬಿರ್‍ರನೆ ಆರ್ಸು!"

ಎಲ್ಲರೂ ನಕ್ಕರು. ಒಳಗೆ ಬಂದ ಸಿಸ್ಟರು ಕಣ್ಣು ಅಗಲಿಸಿ ಬಾಯಿ ಮುಚ್ಚಿಕೊಂಡರು. ಅಷ್ಟರಲ್ಲಿ ಹುಳದ ತಟ್ಟೆಗಳ ಆಚೆಯ ಮಂಚದಿಂದ ಅಪ್ಪನ ನರಳಾಟ ಕೇಳಿತು. ನಗು ನಿಂತಿತು.

"ಯಾರ್ಲಾ ಬಂದಿರೋದು?"

"ಮಾತ್ರೆಗೆ ಒಪ್ಗೆ ಕೊಡೋ ಸಾಹೇಬ್ರು ಕಣಪ್ಪ," ಎಂದೆ. ಅವ್ವನ ಕೈಯ ಹುಳ ಜಾರಿ ಬಿತ್ತು.

"ಸಾಹೇಬ್ರೆ," ಅಪ್ಪ ಉಸಿರು ಹಿಡಿದು ಹಿಡಿದು ಹೇಳಿದ, "ಸಾವ್ ತಪ್ಸಿ ಅಂತ ಕೇಳಾಕಿಲ್ಲ. ಅಲ್ಲೀಗಂಟ ಒಸಿ ಮನ್ಸನಂಗೆ ಇರಂಗ್ ಮಾಡಿ. ನಂಗಾದ್ರೆ ಓಡಾಡೋ ಮಗ ಅವ್ನೆ. ದೊಡ್ಡಆಲಹಳ್ಳಿ ಕಡೆ, ಬೈರಮಂಗಲದ ಕಡೆ, ಯಾರೂ ಇಲ್ದೋರು ಏನ್ ಮಾಡ್ಬೇಕು?"

ಅಧಿಕಾರಿ ಡಾಕ್ಟರ ಕಡೆ ತಿರುಗಿದರು. "ಮಾತ್ರೆ ಇಡೋ ಬೀರುವಿನ ಕೀಲಿ ಯಾರ ಹತ್ರ ಇರುತ್ತೆ?"

"ನನ್ನ ಹತ್ರ ಸರ್. ಹೊಣೆಯೂ ನಂದೇ."

"ಮನೆಮನೆಗೆ ಹೋಗೋರು?"

"ನಾನು ಸರ್," ಎಂದರು ಸಿಸ್ಟರು. "ಬಸ್ಸಿಲ್ಲದ ಕಡೆಗೆ ಇವ್ರ ಬೈಕ್ ಐತೆ."

ನನ್ನನ್ನು ಕೇಳಿಯೇ ಇರಲಿಲ್ಲ! ಆದರೂ, "ಹೌದು ಸಾರ್, ಶಿಫ್ಟ್ ಇಲ್ದಾಗೆಲ್ಲ ಬತ್ತೀನಿ," ಎಂದೆ.

"ಪರವಾನಗಿ ಕಾಗದ ನಾಳೆ ತನ್ನಿ. ಸಹಿ ಹಾಕ್ತೀನಿ."

"ತಪ್ಪಾಯ್ತು ಬುದ್ಧಿ, ಎದ್ದೇಳಿ," ಎಂದು ಅವ್ವ ಕೈ ಮುಗಿದಳು.

"ಈ ತಟ್ಟೆ ಮುಗೀಲಿ ತಾಯಿ," ಎಂದರು ಅವರು.

ಮಾತ್ರೆ ಚನ್ನಪಟ್ಟಣಕ್ಕೆ ಬಂದ ದಿನ ಸಿಸ್ಟರನ್ನು ಹಿಂದೆ ಕೂರಿಸಿಕೊಂಡು ಹಾರನ್ ಹೊಡೆಯುತ್ತಲೇ ಊರು ಹೊಕ್ಕೆ. ಸಂಜೆಗೆ ಅಪ್ಪ ದಿಂಬಿಗೊರಗಿ ಕೂತು, ಬಹಳ ದಿನದ ಮೇಲೆ ಮುದ್ದೆ ಕೇಳಿದ. ನಾನು ಅವನು ನುಂಗುವುದನ್ನೇ ನೋಡುತ್ತಾ ನಿಂತುಬಿಟ್ಟೆ.

"ನಾನ್ ಉಣ್ಣೋದ್ನ ಏನ್ ನೋಡ್ತೀಯ್ಲಾ," ಎಂದು ಅಪ್ಪ ಗದರಿದ. "ಸಿಸ್ಟರ್‍ನ ಕರ್ಕಂಡ್ ಹೋಗು. ಇನ್ಯಾವ್ದೋ ಮನೇಲಿ ನನ್ನಂಥೋರು ಇನ್ನೊಬ್ರು ಮಾತ್ರೆಗೆ ಕಾಯ್ತಾವ್ರೆ."