ಬಾಚಣಿಗೆ ಜೆಲ್ಲಿಯ ಮೇಷ್ಟ್ರು

ನಮ್ಮ ಪ್ರಾಣಿಶಾಸ್ತ್ರದ ಮೇಷ್ಟ್ರ ಬೆರಳ ತುದಿಗಳು ಸತ್ತ ಪ್ರಾಣಿಗಳನ್ನು ಕೆಡದಂತೆ ಇಡುವ ಫಾರ್ಮಲಿನ್ ತಾಗಿ ಬೆಳ್ಳಗೆ ಸಿಪ್ಪೆ ಎದ್ದಿರುತ್ತಿದ್ದವು. ಜೆಲ್ಲಿಫಿಶ್ ಮತ್ತು ಬಾಚಣಿಗೆ ಜೆಲ್ಲಿ ಎಂಬ ಎರಡು ಕಡಲಜೀವಿಗಳನ್ನು ಒಂದೇ ವಂಶಕ್ಕೆ ಸೇರಿಸಿದ್ದ ಹಳೆಯ ಪಠ್ಯದ ಪುಟಕ್ಕೆ ಆ ಬೆರಳುಗಳೇ ಕೆಂಪು ಗೀಟು ಎಳೆದಿದ್ದವು.

"ಜೆಲ್ಲಿಫಿಶ್ ಕುಟುಕ್ತೈತೆ, ಬಾಚಣಿಗೆ ಜೆಲ್ಲಿ ಅಂಟಿಸ್ಕೊಂಡು ಹಿಡೀತೈತೆ. ಅದರ ಮೈಮ್ಯಾಲೆ ಎಂಟು ಸಾಲು ಬಾಚಣಿಗೆ ಹಲ್ಲು ಬ್ಯಾರೆ. ಎರಡೂ ಲೋಳೆ ಅಂತ ಒಂದೇ ಮನ್ಯಾಗ ಕೂರಿಸಿದ್ರೆ ಹೆಂಗ್ರಿ?" ಎನ್ನುತ್ತಿದ್ದರು.

ನಾನು ಹರಿಹರದ ಪಕ್ಕದ ಗುತ್ತೂರಿನಿಂದ ದಾವಣಗೆರೆಗೆ ದಿನವೂ ಬಸ್ಸಿನಲ್ಲಿ ಓಡಾಡಿ ಓದಿದವಳು. ಅಪ್ಪ ಫ್ಯಾಕ್ಟರಿಯಲ್ಲಿ ಮೂಟೆ ಹೊರುತ್ತಿದ್ದರು. ಇಬ್ಬರನ್ನು ಒಟ್ಟಿಗೆ ಓದಿಸುವ ಶಕ್ತಿ ಇರಲಿಲ್ಲ. ನಾನು ಡಿಗ್ರಿ ಮುಗಿಸಿದ ಮೇಲೆ ತಂಗಿ ಕಾಲೇಜು ಸೇರಬೇಕು ಎಂದು ತೀರ್ಮಾನವಾಗಿತ್ತು. ಪಿಯುಸಿ ಮುಗಿಸಿ ಅವಳು ಕಾಯುತ್ತಿದ್ದಳು.

ಕೊನೆಯ ಪ್ರಾಯೋಗಿಕ ಪರೀಕ್ಷೆ. ಸಾಲಾಗಿಟ್ಟ ಜಾಡಿಗಳನ್ನು ನೋಡುತ್ತ, ಗಂಟೆ ಹೊಡೆದಾಗಲೆಲ್ಲ ಮುಂದೆ ಸರಿಯುತ್ತ, ಪ್ರಾಣಿಯ ಹೆಸರು, ವಂಶ ಬರೆಯಬೇಕು. ನಾನು ಪ್ರಾಣಿಗಳನ್ನು ಕಲಿತಿರಲಿಲ್ಲ, ಸೀನಿಯರ್‌ಗಳು ಹೇಳಿಕೊಟ್ಟಂತೆ ಮುಚ್ಚಳ ಕಲಿತಿದ್ದೆ. ಮುಚ್ಚಳಕ್ಕೆ ಅರಗು ಸುರಿದ ಜಾಡಿ ಜೆಲ್ಲಿಫಿಶ್, ಮುಚ್ಚಳ ಸೀಳಿದ್ದು ಬಾಚಣಿಗೆ ಜೆಲ್ಲಿ. ಹಿಂದಿನ ದಿನ ಮೇಷ್ಟ್ರು ಅಷ್ಟೂ ಮುಚ್ಚಳಗಳನ್ನು ಅದಲುಬದಲು ಮಾಡಿದ್ದರು.

ನನ್ನ ಹಾಳೆಯನ್ನು ಎಲ್ಲರ ಮುಂದೆ ಓದಿದರು. "ಏನವ್ವ ಗುತ್ತೂರಮ್ಮ, ಮುಚ್ಚಳಕ್ಕೂ ವಂಶ ಐತೇನು? ಬಿಎಸ್ಸಿ ಬ್ಯಾಡ ಬಿಡು, ಉಪ್ಪಿನಕಾಯಿ ಅಂಗಡಿ ಇಡು."

ಗೆಳತಿಯರೂ ನಕ್ಕರು. ಮೇಷ್ಟ್ರ ಹಿಂದೆಯೇ ಕಾರಿಡಾರಿಗೆ ಹೋದೆ. "ಸರ್, ನಾನು ಫೇಲಾದ್ರೆ ನನ್ ತಂಗಿ ಓದು ನಿಲ್ತೈತೆ."

"ನಿನ್ ತಂಗಿ ಪರೀಕ್ಷೆಗೆ ಕೂತಿಲ್ಲವ್ವ. ಆಕಿಗೆ ಹೆಂಗೆ ಮಾರ್ಕ್ಸ್ ಹಾಕ್ಲಿ?" ಎಂದು ನಡೆದರು.

ಫೇಲಾದೆ. ಇನ್ನೊಂದು ವರ್ಷ ಕಾಯಿಸದೆ ಆ ವರ್ಷವೇ ತಂಗಿಯನ್ನು ದಾವಣಗೆರೆಯ ಆನೆಕೊಂಡಕ್ಕೆ ಮದುವೆ ಮಾಡಿ ಕೊಟ್ಟರು. ಮರುವರ್ಷ ಜಾಡಿಗೆ ಮೂಗು ತಾಗುವಷ್ಟು ಬಗ್ಗಿ, ಎಂಟು ಸಾಲು ಎಣಿಸಿ ಬರೆದೆ. ನಮ್ಮ ಮನೆತನದ ಮೊದಲ ಪದವಿ ನನ್ನದು, ಆ ಹೆಮ್ಮೆ ನನಗಿದೆ. ಇಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಕಣ್ಣಾರೆ ಕಾಣದ್ದನ್ನು ಬರೆಯುವುದಿಲ್ಲ. ಅದು ಅವರು ಕಲಿಸಿದ್ದು.

ಹೋದ ತಿಂಗಳು ಮೇಷ್ಟ್ರು ತೀರಿಕೊಂಡರು. ಕೆ.ಬಿ. ಬಡಾವಣೆಯ ಅವರ ಮನೆಗೆ ಹೋಗಿ ಕೈಮುಗಿದು, ಅಲ್ಲಿಂದ ತಂಗಿಯ ಮನೆಗೆ ಹೋದೆ. ಅವಳು ರೊಟ್ಟಿ ತಟ್ಟುತ್ತಿದ್ದಳು.

"ಅಲ್ಲಿ ಏನ್ ಹೇಳಿದಿ?"

"ನನಗೆ ಈ ಕೆಲಸ ಸಿಕ್ಕಿದ್ದು ಅವರಿಂದ ಅಂದೆ." ಹಿಟ್ಟಿನ ತಟ್ಟೆ ಅವಳತ್ತ ಸರಿಸಿ, "ನಿನ್ ಓದು ಹಾಳಾಗಿದ್ದೂ ಅವರಿಂದಲೇ. ಅದನ್ನ ಹೇಳಲಿಲ್ಲ" ಎಂದೆ.

ತಂಗಿ ರೊಟ್ಟಿಯನ್ನು ಹಂಚಿಗೆ ಹಾಕಿದಳು. "ಅದು ಅವರಿಂದಲ್ಲಕ್ಕ," ಎಂದಳು. "ನೋಡದೆ ಬರೆದಾಕಿ ನೀನು."