ಸುಬ್ಬತ್ತೆಯ ಉಣ್ಣೆಪಟ್ಟಿ

ಮೊನ್ನೆ ಮಗಳು ನನಗೊಂದು ಜೊತೆ ಕೈಗವಸು ತಂದುಕೊಟ್ಟಳು. ಕಪ್ಪು ಬಣ್ಣ, ಒಳಗೆಲ್ಲ ಮೆತ್ತಗೆ ತುಪ್ಪಳ. ಪೊಟ್ಟಣದ ಮೇಲೆ ಹಿಮದ ಬೆಟ್ಟ ಹತ್ತುತ್ತಿರುವ ಗಡ್ಡದವನೊಬ್ಬನ ಚಿತ್ರ. ನಾನು ದಿನಾ ಹತ್ತುವುದು ವಿಜಯನಗರದ ನಮ್ಮ ಪಾರ್ಕಿನ ನಾಲ್ಕು ಮೆಟ್ಟಿಲು, ಅದೂ ಕಂಬಿ ಹಿಡಿದುಕೊಂಡು. "ನಗಬೇಡಮ್ಮ, ಬೆಳಿಗ್ಗೆ ವಾಕಿಂಗಿಗೆ ಇದನ್ನ ಹಾಕ್ಕೊಂಡೇ ಹೋಗು. ಚಳೀಲಿ ನಿನ್ನ ಬೆರಳು ಹೆಂಗೆ ಸೆಟೆದುಕೊಳ್ಳತ್ತೆ ಗೊತ್ತಲ್ಲ" ಎಂದು ಗದರಿದಳು. ಸರಿ, ಕೈಗವಸು ಬಂದ ಮೇಲೆ ಶಾಲೂ ಇರಲಿ ಎಂದು ಹಳೆಯ ಟ್ರಂಕು ತೆಗೆದೆ. ಡಾಂಬರು ಗುಳಿಗೆಯ ವಾಸನೆ ಮುಖಕ್ಕೆ ಹೊಡೆಯಿತು. ಶಾಲುಗಳ ಅಡಿಯಲ್ಲಿ, ಗೇಣಗಲದ, ಎರಡು ಮಾರು ಉದ್ದದ, ಅಲ್ಲಲ್ಲಿ ನುಸಿ ತಿಂದ ಒಂದು ಕಂದು ಉಣ್ಣೆಯ ಪಟ್ಟಿ ಸಿಕ್ಕಿತು. ಶಾಲು ಮರೆತು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ.

ನಮ್ಮ ಕಾಲದ ಚಳಿಯೇ ಚಳಿ ಎಂದು ಹೇಳುವ ವಯಸ್ಸು ನನಗೂ ಬಂದಿದೆ. ನಮ್ಮ ಕಾಲದಲ್ಲಿ ಮಾವಿನಹಣ್ಣೂ ಹೆಚ್ಚು ಸಿಹಿಯಾಗಿತ್ತು, ಮೇಷ್ಟರ ಏಟೂ ಹೆಚ್ಚು ನೋಯುತ್ತಿತ್ತು. ಅದನ್ನೆಲ್ಲ ನೀವು ಅರ್ಧ ನಂಬಿದರೆ ಸಾಕು. ಆದರೆ ಎಪ್ಪತ್ತರ ದಶಕದ ರಾಜಾಜಿನಗರದ ಡಿಸೆಂಬರನ್ನು ಮಾತ್ರ ಪೂರ್ತಿ ನಂಬಬೇಕು. ನಮ್ಮ ಮನೆ ಬಡಾವಣೆಯ ಕೊನೆಯ ಸಾಲಿನಲ್ಲಿತ್ತು. ನಾಲ್ಕು ಬೀದಿ ದಾಟಿದರೆ ಮಾಗಡಿ ರಸ್ತೆ. ಅದರಾಚೆ ಹೊಲ, ಹೊಲದಲ್ಲಿ ಅವರೆ, ಅವರೆಯ ಸೊಗಡಿನ ನಡುವೆ ಒಂದು ರಾಮದೇವರ ಗುಡಿ. ಬೆಳಗಿನ ಜಾವ ಮಂಜು ಇಳಿದರೆ ಎದುರು ಮನೆಯ ಗೇಟು ಕಾಣುತ್ತಿರಲಿಲ್ಲ. ಹಾಲಿನವನ ಸೈಕಲ್ ಗಂಟೆ ಕೇಳುತ್ತಿತ್ತು, ಹಾಲಿನವನು ಆಮೇಲೆ ಬರುತ್ತಿದ್ದ.

ಇಂಥ ಮಂಜಿನಲ್ಲಿ ನಾವು ಹೊರಡುತ್ತಿದ್ದದ್ದು ಧನುರ್ಮಾಸದ ಪೂಜೆಗೆ. ಸೂರ್ಯ ಹುಟ್ಟುವ ಮುಂಚೆ ಪೂಜೆ ಮುಗಿಯಬೇಕು, ಮುಗಿದ ಮೇಲೆ ಎಲೆಯ ಮೇಲೆ ಬಿಸಿ ಹುಗ್ಗಿ. ನಿಜ ಹೇಳಿಬಿಡುತ್ತೇನೆ, ಒಂಬತ್ತು ವರ್ಷದ ನನ್ನ ಭಕ್ತಿಯೆಲ್ಲ ಆ ಹುಗ್ಗಿಯಲ್ಲಿ ಸಿಗುವ ಇಡೀ ಮೆಣಸಿನ ಮೇಲೂ ತುಪ್ಪದ ಮೇಲೂ ಇತ್ತು. ಕರೆದುಕೊಂಡು ಹೋಗುತ್ತಿದ್ದವಳು ಸುಬ್ಬತ್ತೆ, ಅಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವಳು, ಇಲ್ಲೇ ಉಳಿದಳು. ವರ್ಷದ ಹನ್ನೊಂದು ತಿಂಗಳು ಅವಳಿಗೆ ಅಡುಗೆಮನೆ, ಹಿತ್ತಲು, ತುಳಸಿಕಟ್ಟೆ ಅಷ್ಟೇ. ಯಾರೂ ಅವಳನ್ನು ಎಲ್ಲಿಗೂ ಕರೆಯುತ್ತಿರಲಿಲ್ಲ. ಧನುರ್ಮಾಸದ ಮೂವತ್ತು ಬೆಳಗು ಮಾತ್ರ ಅವಳವು. ಆಗ ಅವಳು ದಂಡಿನ ಸೇನಾಪತಿ. ದಂಡಿನಲ್ಲಿ ಮೂರೇ ಜನ: ನಾನು, ನನ್ನ ತಮ್ಮ ರಾಮು, ಪಕ್ಕದ ಮನೆಯ ಗೌರಿ. ಗೌರಿಯ ಮನೆಯವರು ದಾವಣಗೆರೆ ಕಡೆಯವರು, ಲಿಂಗಪೂಜೆಯ ಜನ. ರಾಮದೇವರ ಹುಗ್ಗಿಗೆ ಅವರ ಅಭ್ಯಂತರವೇನೂ ಇರಲಿಲ್ಲ.

ಹೊರಡುವ ಮುನ್ನ ತಪಾಸಣೆ. ಅಂಗಾಲಿಗೆ ಹರಳೆಣ್ಣೆ ತಿಕ್ಕಿ ಕಾಲುಚೀಲ ಹಾಕಿಸುತ್ತಿದ್ದಳು. ಸ್ವೆಟರಿನ ಒಳಗೆ, ಎದೆಗೆ ಒತ್ತಿದ ಹಾಗೆ, ನಿನ್ನೆಯ ಪೇಪರಿನ ನಾಲ್ಕು ಹಾಳೆ. ನಡೆಯುವಾಗ ನಾವು ಚರಪರ ಸದ್ದು ಮಾಡುತ್ತಿದ್ದೆವು. ಕಿವಿಗೆ ಉಣ್ಣೆಯ ಪಟ್ಟಿ, ಗಲ್ಲದ ಕೆಳಗೆ ಗಂಟು. ದವಡೆಗೆ ಒಂದು ಕಾಳು ಮೆಣಸು, ಒಂದು ಚೂರು ಬೆಲ್ಲ. "ಓಡಬೇಡಿ. ಓಡಿದ್ರೆ ಬೆವರು ಬರತ್ತೆ, ಬೆವರು ಆರಿದ್ರೆ ಚಳಿ ಒಳಗೇ ಕೂತ್ಕೊಳತ್ತೆ" ಎಂದು ದಿನಾ ಹೇಳುವಳು. ಅಪ್ಪ ಹಾಸಿಗೆಯಿಂದಲೇ, "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸೋಳು ನಮ್ಮಕ್ಕ. ಏನು ಕಾಶಿಗೆ ಹೊರಟಿದೀರಾ?" ಎಂದು ನಗುತ್ತಿದ್ದರು. "ಮಲಗಿರೋನಿಗೆ ಚಳಿ ಏನು ಗೊತ್ತು, ಮಲಕ್ಕೋ" ಎಂದು ಅತ್ತೆಯ ಉತ್ತರ.

ನಮ್ಮನ್ನು ಹೀಗೆ ಗಂಟುಮೂಟೆ ಕಟ್ಟಿ ಬೆಂಚಿನ ಮೇಲೆ ಕೂರಿಸಿದ ಮೇಲೆ ಅತ್ತೆ ತಣ್ಣೀರಿನ ಸ್ನಾನಕ್ಕೆ ಹೋಗುತ್ತಿದ್ದಳು. ಯಾಕೆಂದರೆ ಸ್ನಾನವಾದ ಮೇಲೆ ಅವಳು ಮಡಿ. ಹಿಂದಿನ ದಿನ ಒಗೆದು, ನಡುಮನೆಯ ಎತ್ತರದ ಬಿದಿರಿನ ಗಳುವಿನ ಮೇಲೆ ಕೋಲಿನಿಂದ ಹರಡಿ, ಯಾರೂ ಮುಟ್ಟದೆ ಒಣಗಿದ ಸೀರೆ ಉಡಬೇಕು. ಉಟ್ಟ ಮೇಲೆ ಪೂಜೆ ಮುಗಿಯುವವರೆಗೆ ಯಾರನ್ನೂ ಮುಟ್ಟಬಾರದು. ಮಡಿಯ ಬಗ್ಗೆ ಇವತ್ತು ನನಗೆ ಹೇಳಲು ಬೇಕಾದಷ್ಟಿದೆ, ಅದರಲ್ಲಿ ಒಳ್ಳೆಯದು ಕಡಿಮೆ. ಆದರೆ ಆಗ ಅದು ಮನೆಯ ಗೋಡೆಯಿದ್ದ ಹಾಗೆ ಇತ್ತು, ಯಾರೂ ಪ್ರಶ್ನೆ ಕೇಳುತ್ತಿರಲಿಲ್ಲ. ಡಿಸೆಂಬರಿನಲ್ಲಿ ಆ ಒಂಬತ್ತು ಗಜದ ನೂಲಿನ ಸೀರೆ ಒಣಗುತ್ತಲೇ ಇರಲಿಲ್ಲ. ಬೆಳಿಗ್ಗೆ ಮುಟ್ಟಿದರೆ (ಮುಟ್ಟುವ ಹಾಗಿಲ್ಲ, ಆದರೂ) ಅರ್ಧ ಒದ್ದೆ. ಅದನ್ನೇ ಉಟ್ಟು, ಮೇಲೇನೂ ಹೊದೆಯದೆ, ನಮ್ಮ ಮುಂದೆ ನಡೆಯುವಳು. ಮೂರು ಮಕ್ಕಳಿಗೆ ತಲೆಯಿಂದ ಕಾಲಿನವರೆಗೆ ಬೆಚ್ಚಗೆ ಮಾಡಿದವಳದು ಈ ಗತಿ. ದೀಪದ ಬುಡದಲ್ಲೇ ಕತ್ತಲು ಎನ್ನುವುದು ಇದಕ್ಕೇ.

ಇನ್ನೊಂದು ತೊಂದರೆಯೂ ಇತ್ತು. ಮಂಜಿನಲ್ಲಿ ಮಕ್ಕಳ ಕೈ ಹಿಡಿಯದೆ ಮಾಗಡಿ ರಸ್ತೆ ದಾಟಿಸುವುದು ಹೇಗೆ? ಸುಂಕದಕಟ್ಟೆ ಕಡೆಯಿಂದ ತರಕಾರಿ ಲಾರಿಗಳು ಬರುವ ಹೊತ್ತು ಅದು. ಹಿಂದಿನ ವರ್ಷ ರಾಮು, ಯಾವುದೋ ಹೆಂಗಸಿನ ಸೀರೆಯನ್ನು ಅತ್ತೆಯದೆಂದುಕೊಂಡು ಅವಳ ಹಿಂದೆ ಅರ್ಧ ಮೈಲಿ ನಡೆದುಹೋಗಿದ್ದ. ಸಿಕ್ಕಾಗ ಅವನು ಅಳುತ್ತಿರಲಿಲ್ಲ, ಯಾರ ಮಗುವೋ ಎಂದು ಆ ಹೆಂಗಸೇ ಅಳುತ್ತಿದ್ದಳು. ಅದಾದ ಮೇಲೆ ಅತ್ತೆ ಈ ಉಣ್ಣೆಪಟ್ಟಿ ಕಂಡುಹಿಡಿದಳು. ಉಣ್ಣೆಗೆ ಮೈಲಿಗೆಯಿಲ್ಲ, ಅದು ಶಾಸ್ತ್ರ. ಪಟ್ಟಿಯ ಒಂದು ತುದಿ ಅವಳ ಕೈಯಲ್ಲಿ. ಅದನ್ನೇ ಹಿಡಿದು ಹಿಂದೆ ನಾನು, ರಾಮು, ಕೊನೆಯಲ್ಲಿ ಗೌರಿ. ಎರಡು ಸಲ ಜಗ್ಗಿದರೆ ನಿಲ್ಲು, ಒಂದು ಸಲ ಜಗ್ಗಿದರೆ ನಡೆ. ಮಂಜಿನಲ್ಲಿ ಅತ್ತೆ ಕಾಣದಿದ್ದರೂ ಪಟ್ಟಿ ಬಿಗಿಯಾಗಿದ್ದರೆ ಅತ್ತೆ ಇದ್ದಾಳೆ ಎಂದು ನಮಗೆ ಧೈರ್ಯ.

ನನಗೆ ಒಂಬತ್ತಾಗಿದ್ದ ಆ ವರ್ಷದ ಧನುರ್ಮಾಸಕ್ಕೆ ಮುಂಚೆ ಒಂದು ಮಾತು ನನ್ನ ಕಿವಿಗೆ ಬಿತ್ತು. ಹಿಂದಿನ ಚಳಿಗಾಲದಲ್ಲಿ ಅತ್ತೆ ಉಬ್ಬಸ ಬಂದು ಒಂದು ತಿಂಗಳು ಮಲಗಿದ್ದಳು. ಅಪ್ಪ ಹೇಳುತ್ತಿದ್ದರು: "ನೋಡಕ್ಕಾ, ಡಾಕ್ಟ್ರು ಹೇಳಿದ್ದು ನೆನಪಿದೆ ತಾನೆ? ಈ ಸಲ ಒಂದು ಕೆಮ್ಮು ಕೇಳಿಸ್ಲಿ ಸಾಕು, ದೇವಸ್ಥಾನ ನಿಲ್ಲಿಸ್ಬಿಡ್ತೀನಿ."

"ಕೇಳ್ಸಲ್ಲ ಬಿಡೋ" ಎಂದಳು ಅತ್ತೆ. ಆಮೇಲೆ, "ಇದೊಂದು ಮಾತ್ರ ನಿಲ್ಲಿಸ್ಬೇಡ ಕಣೋ" ಎಂದಳು. ಅತ್ತೆ ಏನನ್ನಾದರೂ ಬೇಡಿದ್ದು ನಾನು ಕೇಳಿದ್ದು ಅದೊಂದೇ ಸಲ.

ನನಗೆ ಆ ಸೀರೆಯ ಚಿಂತೆ ಹತ್ತಿತು. ಹನ್ನೊಂದನೆಯದೋ ಹನ್ನೆರಡನೆಯದೋ ದಿನ, ಅತ್ತೆ ಬಚ್ಚಲ ಬಾಗಿಲು ಹಾಕಿಕೊಂಡದ್ದೇ ನಾನು ಬೆಂಚಿನಿಂದ ಇಳಿದೆ. ಹಿತ್ತಲ ತಗಡಿನ ಕೆಳಗೆ ನಮ್ಮ ಸ್ನಾನಕ್ಕೆ ನೀರು ಕಾಯಿಸಿದ ಹೊಟ್ಟಿನ ಒಲೆ ಇನ್ನೂ ನಿಗಿನಿಗಿ ಎನ್ನುತ್ತಿತ್ತು. ಕೋಲಿನಿಂದ ಮುಟ್ಟಿದರೆ ದೋಷವಿಲ್ಲವೆಂದು ನನಗೆ ಗೊತ್ತಿತ್ತು. ಕೋಲಿನಿಂದಲೇ ಸೀರೆ ಎತ್ತಿದೆ. ಗೊತ್ತಿಲ್ಲದ್ದು ಒದ್ದೆ ಸೀರೆಯ ಭಾರ. ಅದು ಇಡಿಯಾಗಿ ಬಂದು ನನ್ನ ತಲೆಯ ಮೇಲೆ ಬಿತ್ತು. ಹೇಗೂ ಕೆಟ್ಟಿತು, ಒಣಗಿಸಿಯಾದರೂ ಬಿಡೋಣ ಎಂದು ಒಲೆಯ ಮುಂದೆ ಹಿಡಿದು ನಿಂತೆ. ರಾಮು ಬಾಯಿ ತೆರೆದು ನೋಡುತ್ತಿದ್ದ. ಪೂರ್ತಿ ಒಣಗಲಿಲ್ಲ, ಆದರೆ ಒಂದು ಮಟ್ಟಿಗೆ ಬೆಚ್ಚಗಾಯಿತು. ಸ್ಟೂಲು ಹತ್ತಿ, ಸೀರೆಯನ್ನು ಗಳುವಿನ ಮೇಲೆ ಮುದ್ದೆ ಮಾಡಿ ಎಸೆದು, ಬೆಂಚಿನ ಮೇಲೆ ಬಂದು ಕುಳಿತೆ.

ಅತ್ತೆ ಒದ್ದೆ ಬಟ್ಟೆಯಲ್ಲಿ ನಡುಗುತ್ತಾ ಬಂದಳು. ಕೋಲಿನಿಂದ ಸೀರೆ ಇಳಿಸಿದಳು. ಕೈಗೆ ತೆಗೆದುಕೊಂಡವಳು ಹಾಗೇ ನಿಂತಳು. ಹೊಟ್ಟಿನ ಹೊಗೆಯ ವಾಸನೆ ನನಗೇ ಬರುತ್ತಿತ್ತು.

"ಯಾರೇ ಇದನ್ನ ಮುಟ್ಟಿದ್ದು?"

ರಾಮು ತಕ್ಷಣ ನನ್ನ ಕಡೆ ನೋಡಿದ. ತಮ್ಮಂದಿರು ಇರುವುದೇ ಅದಕ್ಕೆ.

"ನಾನೇ ಅತ್ತೆ."

"ಯಾಕೇ?"

"ನೀನು ಕೆಮ್ಮಿದ್ರೆ ಅಪ್ಪ ದೇವಸ್ಥಾನ ನಿಲ್ಲಿಸ್ತಾರಂತೆ. ಅದಕ್ಕೆ."

ಮುಂದೆ ಏನಾಗಬೇಕೆಂದು ನನಗೆ ಗೊತ್ತಿತ್ತು. ಇನ್ನೊಂದು ಸಲ ತಣ್ಣೀರು, ಸೀರೆಯನ್ನು ಮತ್ತೆ ನೀರಲ್ಲಿ ಅದ್ದಿ, ಹಿಂಡಿ, ಹಾಗೇ ಉಡುವುದು. ಉಪಕಾರ ಮಾಡಲು ಹೋಗಿ ಅತ್ತೆಯನ್ನು ನಾನೇ ತಣ್ಣೀರಿಗೆ ನೂಕಿದ್ದೆ. ಅಳು ಬಂತು. ಅತ್ತೆ ಬಚ್ಚಲ ಕಡೆ ಎರಡು ಹೆಜ್ಜೆ ಹೋದಳು, ನಿಂತಳು. ಸೀರೆಯನ್ನು ಮುಖಕ್ಕೆ ಒತ್ತಿಕೊಂಡಳು. ಆಮೇಲೆ ಬಾಗಿಲ ಮರೆಗೆ ಹೋಗಿ ಅದನ್ನೇ ಉಟ್ಟು ಬಂದಳು.

"ಬೆಚ್ಚಗಿದೆ ಕಣೇ" ಎಂದಳು, ಅಷ್ಟೇ.

ಅಂದೂ ಉಣ್ಣೆಪಟ್ಟಿ ಹಿಡಿದೇ ಹೊರಟೆವು. ಅಭ್ಯಾಸ. ಮಾಗಡಿ ರಸ್ತೆಯ ಹತ್ತಿರ ಎರಡು ಸಲ ಜಗ್ಗುತ್ತಾಳೆಂದು ಕಾದೆ. ಜಗ್ಗಲಿಲ್ಲ. ಪಟ್ಟಿ ಸಡಿಲವಾಯಿತು. ಅಷ್ಟರಲ್ಲಿ ಮಂಜಿನೊಳಗಿಂದ ಒಂದು ಕೈ ಬಂದು ನನ್ನ ಎಡಗೈ ಹಿಡಿದುಕೊಂಡಿತು.

"ಹೆಂಗೂ ಮುಟ್ಟಿಯಾಗಿದೆಯಲ್ಲ, ಬಾ" ಎಂದಳು ಅತ್ತೆ.

ಕಿವಿಗೆ ಪಟ್ಟಿ ಕಟ್ಟುವಾಗಿನ ಅವಳ ಕೈ ನನಗೆ ಗೊತ್ತಿತ್ತು. ಅದು ಒಲೆಯ ಮುಂದಿನಿಂದ ಎದ್ದು ಬಂದ ಬಿಸಿ ಕೈ. ದಾರಿಯಲ್ಲಿ ಅದು ಹೇಗಿರುತ್ತದೆಂದು ಗೊತ್ತಿರಲಿಲ್ಲ. ಅಷ್ಟು ತಣ್ಣಗಿನ ಕೈಯನ್ನು ನಾನು ಅದಕ್ಕೆ ಮುಂಚೆ ಮುಟ್ಟಿರಲಿಲ್ಲ. ಇಷ್ಟು ದಿನ ಪಟ್ಟಿಯ ಆ ತುದಿಯಲ್ಲಿ ಇದ್ದದ್ದು ಈ ಕೈ. ನಾನು ಬಲವಾಗಿ ಹಿಡಿದುಕೊಂಡೆ. ಗುಡಿ ಬರುವ ಹೊತ್ತಿಗೆ ನಮ್ಮಿಬ್ಬರ ಕೈಗಳೂ ಒಂದೇ ಬಿಸಿಗೆ ಬಂದಿದ್ದವು. ಅತ್ತೆ ಒಳಗೆ ಬರಲಿಲ್ಲ. "ಇವತ್ತು ನಾನು ಇಲ್ಲಿಂದಲೇ ಕೈ ಮುಗೀತೀನಿ, ನೀವು ಹೋಗಿ" ಎಂದು ಹೊರಗಿನ ಕಲ್ಲಿನ ಮೇಲೆ ಕುಳಿತಳು. ನಾನು ನನ್ನ ಹುಗ್ಗಿಯ ಎಲೆ ಹಿಡಿದು ಹೊರಗೆ ಬಂದು ಅವಳ ಪಕ್ಕ ಕುಳಿತೆ. ಇಬ್ಬರೂ ಒಂದೇ ಎಲೆಯಿಂದ ತಿಂದೆವು. ಅಂಥ ಹುಗ್ಗಿ ಆಮೇಲೆ ನನಗೆ ಎಲ್ಲೂ ಸಿಗಲಿಲ್ಲ. ಹುಡುಕಿದ್ದೇನೆ.

ಬರುವಾಗ ಅತ್ತೆ ಹೇಳಿದಳು: "ಒಂದು ದಿನಕ್ಕೆ ದೇವರು ಸುಮ್ನಿರ್ತಾನೆ. ದಿನಾ ಹಿಂಗೆ ಮಾಡಬಾರದು, ಗೊತ್ತಾಯ್ತಾ?" ನಾನು ತಲೆಯಾಡಿಸಿದೆ. ಮರುದಿನದಿಂದ ಮತ್ತೆ ಒದ್ದೆ ಸೀರೆ, ಮತ್ತೆ ಪಟ್ಟಿ.

ವಾರ ಕಳೆದ ಮೇಲೆ ಕೆಮ್ಮು ಬಂತು. ಮನೆಯಲ್ಲಿ ಅದನ್ನು ಅವಳು ಸೆರಗಿನಲ್ಲಿ ನುಂಗುತ್ತಿದ್ದಳು. ನುಂಗಲಾರದ್ದು ಹೊರಗೆ ಬಂದಾಗ ನಾನು ಜೋರಾಗಿ ಕೆಮ್ಮುತ್ತಿದ್ದೆ, ರಾಮುವೂ ಕೆಮ್ಮುತ್ತಿದ್ದ. ಗೌರಿ ಬಂದರೆ ಅವಳದೂ ಒಂದು. ಅಪ್ಪ ಗೊಂದಲಗೊಂಡು ಮೂವರಿಗೂ ಕಷಾಯ ಕುಡಿಸಿದರು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಹಾಗೆ ಮೂವತ್ತು ದಿನವೂ ಪೂರೈಸಿದಳು. ಸಂಕ್ರಾಂತಿಯ ಎಳ್ಳು ಹಂಚಿದ ಮಾರನೆಯ ದಿನ ಮಲಗಿದಳು. ಶಿವರಾತ್ರಿಗೆ ಅತ್ತೆ ಇರಲಿಲ್ಲ.

ಎಷ್ಟೋ ವರ್ಷದ ಮೇಲೆ, ನನಗೆ ಮದುವೆಯಾಗುವ ಹೊತ್ತಿಗೆ, ಅಮ್ಮನನ್ನು ಕೇಳಿದೆ: "ಮಡಿಗೆ ಉಡೋಕೆ ಉಣ್ಣೆಯ ಧಾಬಳಿ ಇರತ್ತಲ್ಲಮ್ಮ, ಅತ್ತೆ ಯಾಕೆ ಅದನ್ನ ಉಡ್ತಿರಲಿಲ್ಲ?"

ಅಮ್ಮ ನನ್ನನ್ನು ವಿಚಿತ್ರವಾಗಿ ನೋಡಿದಳು. "ಇತ್ತಲ್ಲೇ ಒಂದು. ರಾಮು ತಪ್ಪಿಸ್ಕೊಂಡನಲ್ಲ, ಅವತ್ತೇ ಅದನ್ನ ಹರಿದು ಹಾಕಿದ್ಳು. ನಿಮ್ಮ ಕಿವೀಗೆಲ್ಲ ಕಟ್ತಿದ್ದದ್ದು, ಹಿಡ್ಕೊಂಡು ಹೋಗ್ತಿದ್ದದ್ದು, ಮತ್ತೇನು ಅಂದ್ಕೊಂಡಿದ್ದೆ?" ಎಂದಳು.

ನಾನು ಏನೂ ಅಂದುಕೊಂಡಿರಲಿಲ್ಲ. ಮಕ್ಕಳು ಅಂದುಕೊಳ್ಳುವುದಿಲ್ಲ. ಬೆಚ್ಚಗಿದ್ದರೆ ಸಾಕು, ಅದು ಎಲ್ಲಿಂದ ಬಂತೆಂದು ಕೇಳುವುದಿಲ್ಲ. ಇವತ್ತು ನನಗೆ ಸಿಟ್ಟು ಬರುವುದು ಅತ್ತೆಯ ಮಡಿಯ ಮೇಲೆ ಅಲ್ಲ, ನನ್ನ ವಿಧೇಯತೆಯ ಮೇಲೆ. ಅವಳು ಬೇಡವೆಂದಳು, ನಾನು ಒಳ್ಳೆಯ ಹುಡುಗಿಯಾಗಿ ಕೇಳಿದೆ. ದಿನಾ ಸ್ಟೂಲು ಹತ್ತಿ ದಿನಾ ಆ ಸೀರೆಯನ್ನು ಮುಟ್ಟಿಬಿಟ್ಟಿದ್ದರೆ ಎಂದು ಪ್ರತಿ ಡಿಸೆಂಬರಿನಲ್ಲೂ ಅನ್ನಿಸುತ್ತದೆ. ಬೈಯುತ್ತಿದ್ದಳು. ಬೈದುಕೊಂಡು ಬೆಚ್ಚಗಿರುತ್ತಿದ್ದಳು.

ಪಟ್ಟಿಯನ್ನು ಮಡಿಸಿ ಟ್ರಂಕಿನಲ್ಲೇ ಇಟ್ಟೆ. ಇವತ್ತು ಬೆಳಿಗ್ಗೆ ಶಾಲು ಹೊದ್ದು, ಕೈಗವಸು ಹಾಕಿಕೊಂಡು ಹೊರಟೆ. ಮಗಳೂ ಜೊತೆಗೆ ಬಂದಳು. ಪಾರ್ಕಿನಿಂದ ಬೇಗ ಹೊರಟು, ಅವಳು ಬೇಡವೆಂದರೂ, ಮಾಗಡಿ ರಸ್ತೆಯವರೆಗೆ ನಡೆಸಿಕೊಂಡು ಹೋದೆ. ಮಂಜೇನೂ ಇರಲಿಲ್ಲ, ಬಸ್ಸುಗಳ ಹೊಗೆ ಇತ್ತು. ದಾಟುವ ಮುನ್ನ ಒಂದು ಕೈಗವಸು ತೆಗೆದು ಜೇಬಿಗೆ ಹಾಕಿಕೊಂಡೆ.

"ಅಮ್ಮಾ, ಎಡಗೈದು ಯಾಕೆ ತೆಗೆದೆ? ಈ ಚಳೀಲಿ!" ಎಂದಳು ಮಗಳು.

"ಇರಲಿ ಬಿಡೇ, ಒಂದು ಕೈ ಹೀಗೇ ಇರಲಿ" ಎಂದೆ. ಬೆರಳುಗಳು ಸೆಟೆದುಕೊಳ್ಳುವವರೆಗೂ ಆ ಕೈಯನ್ನು ಚಳಿಗೆ ಹಾಗೇ ಹಿಡಿದುಕೊಂಡು ನಿಂತಿದ್ದೆ.