ಹನಿ ನಿಲ್ಲುವ ತನಕ

ಕಾದ ಕಬ್ಬಿಣದ ಮೇಲೆ ಹಸಿ ಗೋಣಿಚೀಲ ಹಾಕಿದಾಗ ಏಳುವ ವಾಸನೆ ಬೇರೆ ಯಾವುದಕ್ಕೂ ಇಲ್ಲ. ಹೋದ ವಾರ ಗೋವಾದಿಂದ ಬರುವಾಗ, ಘಾಟ್ ಹತ್ತಿದ ನಮ್ಮ ಟೆಂಪೊ ಅನಮೋಡ ಚೆಕ್‌ಪೋಸ್ಟಿನ ಸಾಲಿನಲ್ಲಿ ಹಬೆ ಬಿಡುತ್ತ ನಿಂತಿತು. ಹಿಂದೆ ಮುಂದೆ ಲಾರಿಗಳು. ಅಕ್ಕಪಕ್ಕದಲ್ಲಿ ಬಾಗಿಲು ಪೂರ್ತಿ ತೆರೆಯುವಷ್ಟೂ ಜಾಗವಿಲ್ಲ. ಡ್ರೈವರ್ ರೇಡಿಯೇಟರ್ ಮೇಲೆ ಗೋಣಿ ಹಾಸಿ ನೀರು ಸುರಿದ. ಆ ವಾಸನೆ ಕಿಟಕಿಯೊಳಗೆ ಬಂದದ್ದೇ, ಮುಂಡಗೋಡದ ಚಾಚಾ ನೆನಪಾದರು.

ನಮ್ಮ ಪಕ್ಕದ ಮನೆಯವರು. ಬಸ್ ಸ್ಟ್ಯಾಂಡ್ ಹತ್ತಿರ ಅವರ ರೇಡಿಯೇಟರ್ ರಿಪೇರಿ ಅಂಗಡಿ. ಕುದಿಯುತ್ತ ಬಂದ ಗಾಡಿಯ ಮುಚ್ಚಳವನ್ನು ಅವರು ತಕ್ಷಣ ಬಿಚ್ಚುತ್ತಿರಲಿಲ್ಲ. ಹಸಿ ಗೋಣಿ ಹಾಸಿ, ಅದರ ನೀರು ಆರುತ್ತ ಆರುತ್ತ ಬಿಸಿಯನ್ನೂ ಎಳೆದುಕೊಂಡು ಹೋಗಲು ಬಿಡುತ್ತಿದ್ದರು. ಆಮೇಲೆ ಬೆರಳಿನಿಂದ ಒಂದು ಹನಿಯನ್ನು ರೇಡಿಯೇಟರಿನ ನೆತ್ತಿಗೆ ಚಿಮುಕಿಸುವರು. ಚುಂಯ್ ಎಂದು ಮಾಯವಾದರೆ ಇನ್ನೂ ಕಾಯಬೇಕು. ಹನಿ ಕೂತಲ್ಲೇ ಕೂತು ನಿಧಾನಕ್ಕೆ ಆರಿದರೆ ಮಾತ್ರ ಮುಚ್ಚಳಕ್ಕೆ ಕೈ. ನಾನಾಗ ಧಾರವಾಡದಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಊರಿಗೆ ಬಂದಾಗಲೆಲ್ಲ ಛೇಡಿಸುತ್ತಿದ್ದರು.

"ನಿಮ್ಮ ಪುಸ್ತಕದಾಗ ನೀರು ನೂರು ಡಿಗ್ರಿಗೆ ಕುದೀತೈತಲ್ಲ ಬೇಟಿ? ನಮ್ಮ ರೇಡಿಯೇಟರ್‌ಗೆ ಓದಾಕ ಬರೂದಿಲ್ಲ. ಮುಚ್ಚಳ ಗಟ್ಟಿ ಇರೂತನ ನೂರು ದಾಟಿದ್ರೂ ಸುಮ್ನ ಕುಂತಿರ್ತೈತಿ. ಬಿಚ್ಚಿ ನೋಡು, ಆಗ ಎಲ್ಲಾ ಒಮ್ಮೆಲೆ ನೆನಪಾಗ್ತೈತಿ ಅದಕ್ಕ!"

ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆಯ ಬೆಳಿಗ್ಗೆ ನನಗೆ ಬಸ್ಸು ತಪ್ಪಿತು. ಚಾಚಾ ತಮ್ಮ ಹಳೆಯ ಜೀಪು ತೆಗೆದರು. ಟಿಬೆಟನ್ ಕಾಲೊನಿ ದಾಟಿ, ಗೋವಿನಜೋಳದ ಹೊಲಗಳ ನಡುವೆ ಅದೂ ಕುದಿದು ನಿಂತಿತು. ಗೋಣಿ ಹಾಸಿದರು. ಹನಿ ಚಿಮುಕಿಸಿದರು. ಚುಂಯ್. ಕಾದೆವು. ಮತ್ತೆ ಚುಂಯ್. ನನ್ನ ಮಡಿಲಲ್ಲಿ ಹಿಂದಿನ ದಿನ ಬಾಯಿಪಾಠ ಮಾಡಿದ ಟಿಪ್ಪಣಿಯಿತ್ತು: ಒತ್ತಡ ಹೆಚ್ಚಿದರೆ ಕುದಿಬಿಂದು ಏರುತ್ತದೆ...

"ಹೊತ್ತಾತ್ರೀ ಚಾಚಾ, ಸಾಕು, ಬಿಚ್ರೀ," ಎಂದೆ.

ಎಂದೆನೇ? ನನ್ನ ನೆನಪು ಹಾಗೆನ್ನುತ್ತದೆ. ಒಮ್ಮೊಮ್ಮೆ ಅದು ಮನಸ್ಸಿನಲ್ಲೇ ಅಂದುಕೊಂಡದ್ದು, ನಾನು ಗಡಿಯಾರ ನೋಡಿಕೊಂಡದ್ದಷ್ಟೇ ನಿಜ ಅಂತಲೂ ಅನಿಸುತ್ತದೆ... ಅವರು ಮುಚ್ಚಳ ಬಿಚ್ಚಿದ್ದಂತೂ ಹೌದು. ಅರ್ಧ ತಿರುಗಿಸುವಷ್ಟರಲ್ಲಿ ಒಳಗಿನ ನೀರು ಬಿಳಿಯ ಕಂಬವಾಗಿ ಎದ್ದಿತು. ಬಲಗೈ ಮೊಣಕೈತನಕ ಬೆಂದುಹೋಯಿತು. ಆ ಕೈಯನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿಕೊಂಡೇ, ಬರುತ್ತಿದ್ದ ಬಸ್ಸಿಗೆ ಎಡಗೈ ಅಡ್ಡ ಮಾಡಿದರು.

"ಹತ್ತು. ನನ್ನ ಮಾರಿ ಏನ್ ನೋಡ್ತಿ? ಪರೀಕ್ಷಾ ನಿಂದೋ ನಂದೋ?"

ಹತ್ತಿದೆ. ಪಾಸೂ ಆದೆ.

ಗಾಯ ಮಾಯಿತು, ಆದರೆ ಬೆರಳುಗಳು ಮಡಚಲಿಲ್ಲ. ಬೆಸುಗೆಯ ಕೆಲಸ ಮತ್ತೆ ಆ ಕೈಗೆ ಬರಲಿಲ್ಲ. ಕೆಲವು ತಿಂಗಳ ಮೇಲೆ ಧೈರ್ಯ ಮಾಡಿ ಅವರ ಮನೆಗೆ ಹೋದೆ. "ಅವತ್ತ ನಾ ಬಿಚ್ರಿ ಅನ್ನಬಾರದಿತ್ರೀ ಚಾಚಾ," ಎಂದೆ. ಅವರು ಎಡಗೈಯಿಂದ ಕಪ್ಪಿನ ಚಹಾವನ್ನು ಬಸಿಗೆ ಸುರಿದು ನನ್ನತ್ತ ಸರಿಸಿದರು.

"ನೀ ಏನೂ ಅಂದೇ ಇಲ್ಲಲ್ಲ ಬೇಟಿ. ನನಗ ಬಿಚ್ಚಬೇಕನಿಸ್ತು, ಬಿಚ್ಚಿದೆ. ಚಾ ಆರತೈತಿ, ಕುಡಿ."

ಕ್ಷಮಿಸಿದ್ದರೆ ಹಗುರಾಗುತ್ತಿದ್ದೆನೇನೋ. ಅಂದೇ ಇಲ್ಲ ಎಂದ ಮೇಲೆ ಯಾವುದಕ್ಕೆ ಕ್ಷಮೆ ಕೇಳಲಿ? ಅದು ನಿಜವೋ, ಕರುಣೆಯೋ... ಇನ್ನೊಮ್ಮೆ ಕೇಳೋಣವೆಂದರೆ ಅವರೂ ಈಗ ಇಲ್ಲ.

ಅನಮೋಡದಲ್ಲಿ ಹಿಂದಿನ ಸೀಟಿನವರೊಬ್ಬರು ಕೂಗಿದರು: "ಲೋಂಡಾದಾಗ ಟ್ರೇನ್ ತಪ್ಪತೈತಿ, ಲಗೂ ಬಿಚ್ಚೋ ಮಾರಾಯ!" ಡ್ರೈವರ್ ಮುಚ್ಚಳಕ್ಕೆ ಕೈ ಹಾಕಿದ.

"ತಡೀರಿ! ಮೊದಲ ಒಂದ್ ಹನಿ ಹಾಕಿ ನೋಡ್ರಿ," ಎಂದೆ. ಎಲ್ಲರೂ ತಿರುಗಿ ನೋಡುವಷ್ಟು ಜೋರಾಗಿ ಅಂದಿದ್ದೆ. ಅವನು ಹನಿ ಚಿಮುಕಿಸಿದ. ಚುಂಯ್ ಎಂದಿತು. ಕೈ ಹಿಂದೆಗೆದ.

ಈ ಮಾತನ್ನು ನಾನು ಅಂದದ್ದಕ್ಕೆ ಒಂದು ಟೆಂಪೊ ತುಂಬ ಸಾಕ್ಷಿಗಳಿದ್ದಾರೆ. ಆ ಇನ್ನೊಂದು ಮಾತಿಗೆ ಇದ್ದವರು ಒಬ್ಬರೇ. ಅವರು, ನೀ ಅನ್ನಲೇ ಇಲ್ಲ ಎಂದು ಹೇಳಿ ಹೋಗಿಬಿಟ್ಟರು.